ಹಳೇ ಲ್ಯಾಪ್‌ಟಾಪ್ ಜಾಗಕ್ಕೆ ಟ್ಯಾಬ್ಲೆಟ್ ತರಬಹುದಾ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕ, ಊರು ಸಾಗರ. 2016ರಲ್ಲಿ ಕೊಂಡ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಲು ಆಗುವುದಿಲ್ಲ ಎಂದು ರಿಪೇರಿಯವರು ಹೇಳಿದ್ದಾರೆ. ಪೇಪರ್ ಓದುವುದು, ಹಳೇ ಪುಸ್ತಕಗಳ ಪಿಡಿಎಫ್ ಓದುವುದು, ಬೆಂಗಳೂರಿನಲ್ಲಿರುವ ಮಗಳ ಮನೆಗೆ ವಿಡಿಯೊ ಕಾಲ್, ಬ್ಯಾಂಕ್ ಕೆಲಸ, ಆಗಾಗ ಪತ್ರಿಕೆಗೊಂದು ಲೇಖನ ಟೈಪ್ ಮಾಡುವುದು. ನನ್ನ ಬಳಕೆ ಇಷ್ಟೇ. ಲ್ಯಾಪ್‌ಟಾಪ್ ಬದಲು ಟ್ಯಾಬ್ಲೆಟ್ ಸಾಕಾಗುತ್ತದೆಯೇ? 35 ಸಾವಿರದವರೆಗೆ ಖರ್ಚು ಮಾಡಬಲ್ಲೆ.

ಉತ್ತರ: ಮೇಷ್ಟ್ರೇ, ಲೇಖನ ಟೈಪ್ ಮಾಡುವುದೊಂದನ್ನು ಬಿಟ್ಟರೆ ಉಳಿದ ಎಲ್ಲಕ್ಕೂ ಟ್ಯಾಬ್ಲೆಟ್ಟೇ ಹಿತ. ಕುರ್ಚಿಯಲ್ಲಿ ಒರಗಿ ಕೂತು ಓದಬಹುದು. ತೂಕ ಅರ್ಧ ಕಿಲೋ ಆಸುಪಾಸು. ಕರೆಂಟ್ ಹೋದರೂ ಗಂಟೆಗಟ್ಟಲೆ ನಡೆಯುತ್ತದೆ. ಆದರೆ ಟೈಪಿಂಗ್ ವಿಷಯವನ್ನು ಅಂಗಡಿಗೆ ಹೋಗುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ನೀವು ಇಷ್ಟು ವರ್ಷ ಟೈಪ್ ಮಾಡಿದ್ದು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಇರಬೇಕು, ಅಲ್ವಾ? ಹಳೇ ನುಡಿ ಫಾಂಟ್‌ಗಳು ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲ ಸಾಧನಗಳಲ್ಲೂ ಒಂದೇ ಸಂಕೇತ ಇರುವ ಪದ್ಧತಿ) ಅಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಮಾಡಿದಂಥವು. ಆ ಫಾಂಟ್ ಇಲ್ಲದ ಕಡೆ ಫೈಲ್ ತೆರೆದರೆ ಕನ್ನಡ ಮಾಯವಾಗಿ, ಅರ್ಥವೇ ಆಗದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಹೊಸ ಟ್ಯಾಬ್ಲೆಟ್‌ನಲ್ಲಿ ಇದನ್ನು ನೋಡಿ ಬರೆದದ್ದೆಲ್ಲ ಹೋಯಿತು ಎಂದು ಗಾಬರಿ ಬೀಳುವವರಿದ್ದಾರೆ. ಫೈಲ್ ಏನೂ ಕೆಟ್ಟಿರುವುದಿಲ್ಲ. ಅದನ್ನು ಯೂನಿಕೋಡ್‌ಗೆ ಬದಲಾಯಿಸಬೇಕು, ಅಷ್ಟೇ. ನುಡಿ, ಬರಹ ಎರಡರಲ್ಲೂ ಇದಕ್ಕೆ ಸೌಲಭ್ಯ ಇದೆ, ಆದರೆ ಅದು ನಡೆಯುವುದು ವಿಂಡೋಸ್‌ನಲ್ಲಿ. ಆದ್ದರಿಂದ ಹಳೇ ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ನಿಮ್ಮ ಲೇಖನಗಳನ್ನೆಲ್ಲ ಬದಲಾಯಿಸಿ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಮೂಲ ಫೈಲ್ ಅಳಿಸಬೇಡಿ. ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಒಮ್ಮೆ ಓದಿ ನೋಡಿ, ತಪ್ಪು ನುಸುಳುವುದು ಜಾಸ್ತಿ ಅಲ್ಲೇ.

ಇನ್ನು ಹೊಸದಾಗಿ ಬರೆಯುವುದು. ಟ್ಯಾಬ್ಲೆಟ್‌ನಲ್ಲಿ ಏನೇ ಬರೆದರೂ ಅದು ಯೂನಿಕೋಡ್ ಕನ್ನಡ. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ಗೆ ಕನ್ನಡ ಸೇರಿಸಿಕೊಂಡರೆ ಬೆರಳಲ್ಲೂ ಬರೆಯಬಹುದು, ಮಾತಾಡಿಯೂ ಬರೆಸಬಹುದು. ಮಾತನ್ನು ಅಕ್ಷರ ಮಾಡುವ ಸೌಲಭ್ಯ ಈಗ ಎಷ್ಟು ಸುಧಾರಿಸಿದೆ ಎಂದರೆ, ಲೇಖನದ ಕರಡನ್ನು ಹೇಳಿ ಬರೆಸಿ ಆಮೇಲೆ ತಿದ್ದಿಕೊಳ್ಳಬಹುದು. ದಯವಿಟ್ಟು ಒಮ್ಮೆ ಪ್ರಯತ್ನಿಸಿ. ಬೆರಳು ನೋವಿರುವವರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ.

ಆದರೆ ನಿಮ್ಮ ಕೈ ನುಡಿ ಕೀಬೋರ್ಡಿಗೆ ಪಳಗಿದ್ದರೆ, ಅಂದರೆ ಕೆ.ಪಿ. ರಾವ್ ರೂಪಿಸಿದ ವಿನ್ಯಾಸದ ಆಧಾರದ ಮೇಲೆ ಬಂದ ಕೀಬೋರ್ಡಿಗೆ, ಪರದೆಯ ಮೇಲೆ ಒತ್ತುವುದು ಸರಿಬರುವುದಿಲ್ಲ. ಪರದೆಯ ಅರ್ಧ ಜಾಗವನ್ನೂ ಅದೇ ತಿಂದುಬಿಡುತ್ತದೆ. ಆಗ ಬ್ಲೂಟೂತ್ ಕೀಬೋರ್ಡ್ ಬೇಕು. ಅದನ್ನು ಕೊಳ್ಳುವಾಗ ಅದೇ ಟ್ಯಾಬ್ಲೆಟ್‌ಗೆ ಅಂಗಡಿಯಲ್ಲೇ ಜೋಡಿಸಿ, ಕನ್ನಡದಲ್ಲಿ ನಾಲ್ಕು ಸಾಲು ಟೈಪ್ ಮಾಡಿ ನೋಡಿ. ಪರದೆಯ ಮೇಲೆ ಕನ್ನಡ ಬರುತ್ತದೆ ಎಂದ ಮಾತ್ರಕ್ಕೆ ಹೊರಗಿನ ಕೀಬೋರ್ಡಿನಲ್ಲೂ ನಿಮ್ಮ ವಿನ್ಯಾಸ ಬರುತ್ತದೆ ಎಂದು ನಂಬಬೇಡಿ. ಈ ಪರೀಕ್ಷೆ ಮಾಡದೆ ದುಡ್ಡು ಕೊಡಲೇಬೇಡಿ.

ಟೈಪ್ ಮಾಡುವ ಆ್ಯಪ್ ಬಗ್ಗೆ ಒಂದು ಮಾತು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಉಚಿತವಾಗಿ ತಿದ್ದಲು ಆಗುವುದು 10.1 ಇಂಚು ಅಥವಾ ಅದಕ್ಕಿಂತ ಚಿಕ್ಕ ಪರದೆಯಲ್ಲಿ ಮಾತ್ರ. ದೊಡ್ಡ ಪರದೆಗೆ ಚಂದಾ ಕೇಳುತ್ತದೆ. ಗೂಗಲ್ ಡಾಕ್ಸ್‌ಗೆ ಆ ತೊಂದರೆ ಇಲ್ಲ.

ಹಾಗಂತ ಚಿಕ್ಕ ಪರದೆ ಕೊಳ್ಳಬೇಡಿ. ನಮ್ಮ ಹಳೇ ಪುಸ್ತಕಗಳಲ್ಲಿ ಡೆಮಿ 1/8 ಅಳತೆಯವು ತುಂಬಾ ಇವೆ. ಆ ಪುಟ ಮೂಲೆಯಿಂದ ಮೂಲೆಗೆ ಸುಮಾರು 10 ಇಂಚು. 11 ಇಂಚಿನ ಟ್ಯಾಬ್ಲೆಟ್‌ನಲ್ಲಿ ಸ್ಕ್ಯಾನ್ ಮಾಡಿದ ಪುಟ ಅಚ್ಚಿನಲ್ಲಿರುವಷ್ಟೇ ದೊಡ್ಡದಾಗಿ ಕಾಣುತ್ತದೆ. 8.7 ಇಂಚಿನದರಲ್ಲಿ ಅಕ್ಷರ ಸಣ್ಣದಾಗಿ, ಪ್ರತಿ ಪುಟವನ್ನೂ ಹಿಗ್ಗಿಸಿ ಸರಿಸುತ್ತಾ ಓದಬೇಕಾಗುತ್ತದೆ. ಕಣ್ಣಿಗೆ ಯಾಕೆ ಆ ಶಿಕ್ಷೆ?

ನನ್ನ ಸಲಹೆ ಇದು: 20ರಿಂದ 25 ಸಾವಿರದ ಒಳಗೆ 11 ಇಂಚಿನ ಆಂಡ್ರಾಯ್ಡ್ ಟ್ಯಾಬ್ಲೆಟ್ ನೋಡಿ. ರ‍್ಯಾಮ್ 8 ಜಿಬಿ, ಸ್ಟೋರೇಜ್ 128 ಜಿಬಿ ಇರಲಿ. ಮೆಮೊರಿ ಕಾರ್ಡ್ ಹಾಕುವ ಜಾಗ ಇದ್ದರೆ ಪಿಡಿಎಫ್‌ಗಳಿಗೆ ಚಿಂತೆಯಿಲ್ಲ. ಉಳಿದ ದುಡ್ಡು ಕೀಬೋರ್ಡಿಗೆ, ಗಟ್ಟಿ ಸ್ಟ್ಯಾಂಡಿಗೆ ಇರಲಿ. 2025ರ ಮಾರ್ಚ್‌ನಲ್ಲಿ ಬಂದ 11ನೇ ಪೀಳಿಗೆಯ ಐಪ್ಯಾಡ್ ₹34,900ಕ್ಕೆ ಬಿಡುಗಡೆಯಾಯಿತು. ಒಳ್ಳೇ ಸಾಧನ, ಆದರೆ ಮೆಮೊರಿ ಕಾರ್ಡ್ ಹಾಕುವಂತಿಲ್ಲ, ನಿಮ್ಮ ದುಡ್ಡೆಲ್ಲ ಅದಕ್ಕೇ ಮುಗಿಯುತ್ತದೆ. ಯಾವುದನ್ನೇ ಆರಿಸಿದರೂ ಭದ್ರತಾ ಅಪ್‌ಡೇಟ್ ಯಾವ ವರ್ಷದವರೆಗೆ ಬರುತ್ತದೆ ಎಂದು ಕೇಳಿ. ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆ ನೋಡಿ.

ಬ್ಯಾಂಕ್ ವಿಷಯ: ಯುಪಿಐ ಆ್ಯಪ್‌ಗಳು ನೋಂದಣಿ ಮಾಡುವಾಗ ಆ ಸಾಧನದಲ್ಲಿರುವ ಸಿಮ್‌ನಿಂದಲೇ ಎಸ್ಸೆಮ್ಮೆಸ್ ಕಳಿಸುತ್ತವೆ. ಬರೀ ವೈಫೈ ಇರುವ ಟ್ಯಾಬ್ಲೆಟ್‌ನಲ್ಲಿ ಅದು ಆಗುವುದಿಲ್ಲ. ಯುಪಿಐ ಫೋನಿನಲ್ಲೇ ಇರಲಿ. ನೆಟ್‌ಬ್ಯಾಂಕಿಂಗ್ ಬ್ರೌಸರ್‌ನಲ್ಲಿ ನಡೆಯುತ್ತದೆ. ವಾಟ್ಸ್‌ಆ್ಯಪ್ ವಿಡಿಯೊ ಕಾಲ್‌ಗೆ ಫೋನಿನಿಂದ ಲಿಂಕ್ ಮಾಡಿಕೊಂಡರೆ ಸಾಕು. ಮನೆಯಲ್ಲಿ ವೈಫೈ ಇದ್ದರೆ ಸಿಮ್ ಮಾಡೆಲ್‌ಗೆ ಸುಮ್ನೆ ಜಾಸ್ತಿ ಕೊಡಬೇಡಿ.

ಹಳೇ ಲ್ಯಾಪ್‌ಟಾಪ್ ಮಾರಬೇಡಿ. ವಿಂಡೋಸ್ 11ಕ್ಕೆ ಇಂಟೆಲ್ 8ನೇ ಪೀಳಿಗೆ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು, 2016ರ ಲ್ಯಾಪ್‌ಟಾಪ್‌ನಲ್ಲಿ ಅದು ಇರುವುದಿಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೆ ಯಂತ್ರವೇನೂ ನಿಲ್ಲುವುದಿಲ್ಲ. ಇಂಟರ್‌ನೆಟ್‌ಗೆ ಜೋಡಿಸದೆ, ಬ್ಯಾಂಕ್ ಕೆಲಸಕ್ಕೆ ಮುಟ್ಟದೆ, ನುಡಿ ಫೈಲ್‌ಗಳಿಗೂ ಹಳೇ ಪ್ರಿಂಟರ್‌ಗೂ ಇಟ್ಟುಕೊಳ್ಳಿ. ಯುಎಸ್‌ಬಿ ವೈರಿನಲ್ಲಿ ಮಾತ್ರ ನಡೆಯುವ ಹಳೇ ಪ್ರಿಂಟರ್‌ಗಳು ಟ್ಯಾಬ್ಲೆಟ್ ಜೊತೆ ಹೊಂದುವುದು ಅಪರೂಪ.

ಪ್ರಶ್ನೆ: ಮಗಳು ಈ ವರ್ಷ ಇಂಜಿನಿಯರಿಂಗ್ ಸೇರುತ್ತಿದ್ದಾಳೆ. ಕೀಬೋರ್ಡ್ ಸಮೇತ ಟ್ಯಾಬ್ಲೆಟ್ ಕೊಂಡರೆ ಲ್ಯಾಪ್‌ಟಾಪ್ ಬೇಡ ಎನ್ನುತ್ತಾರೆ ಅಂಗಡಿಯವರು. ನಿಜವೇ? (ಹಾವೇರಿಯ ಓದುಗರು)

ಉತ್ತರ: ಇಲ್ಲ, ಲ್ಯಾಪ್‌ಟಾಪ್ಪೇ ಕೊಡಿಸಿ. ಪ್ರೋಗ್ರಾಮಿಂಗ್ ಲ್ಯಾಬ್, ಆಟೊಕ್ಯಾಡ್‌ನಂಥ ಡ್ರಾಯಿಂಗ್ ಸಾಫ್ಟ್‌ವೇರ್ ಇವೆಲ್ಲ ಪೂರ್ತಿಯಾಗಿ ನಡೆಯುವುದು ಕಂಪ್ಯೂಟರ್‌ನಲ್ಲಿ. ಟ್ಯಾಬ್ಲೆಟ್‌ಗೆ ಬರುವುದು ಅದರ ಚಿಕ್ಕ ರೂಪ. ದುಡ್ಡಿನ ಲೆಕ್ಕವನ್ನೂ ನೋಡಿ. ₹34,900ರ ಐಪ್ಯಾಡ್‌ಗೆ ಆ್ಯಪಲ್‌ನದೇ ಮ್ಯಾಜಿಕ್ ಕೀಬೋರ್ಡ್ ಫೋಲಿಯೊ ₹24,900. ಎರಡೂ ಸೇರಿ ₹59,800 ಆಯಿತು. ಅಷ್ಟು ದುಡ್ಡಿಗೆ 16 ಜಿಬಿ ರ‍್ಯಾಮ್ ಇರುವ ಒಳ್ಳೇ ಲ್ಯಾಪ್‌ಟಾಪ್ ಹುಡುಕಬಹುದು. ಪೆನ್ನಿನಲ್ಲಿ ನೋಟ್ಸ್ ಬರೆಯಲು ಟ್ಯಾಬ್ಲೆಟ್ ತುಂಬಾ ಚೆನ್ನ, ಅದರಲ್ಲಿ ಅನುಮಾನವಿಲ್ಲ. ಮೊದಲ ಸೆಮಿಸ್ಟರ್ ಮುಗಿದ ಮೇಲೂ ಅವಳಿಗೆ ಬೇಕು ಅನ್ನಿಸಿದರೆ, ಪೆನ್ ಜೊತೆಗೇ ಬರುವ ಮಾಡೆಲ್‌ಗಳನ್ನು ನೋಡಿ.