ಬೆರಳಿನ ತಪ್ಪಲ್ಲ

ಶಿಡ್ಲಘಟ್ಟದ ಓದುಗರೊಬ್ಬರ ಪತ್ರ: ‘30 ವರ್ಷದಿಂದ ರೇಷ್ಮೆ ನೂಲು ತೆಗೆಯುತ್ತಿದ್ದೇನೆ. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಎಳೆ ಹುಡುಕಿ ಎತ್ತುವ ಈ ಬೆರಳಿಗೆ ಮೊಬೈಲಿನಲ್ಲಿ “ಸರಿ” ಒತ್ತಲು ಬರುವುದಿಲ್ಲ. ಪಕ್ಕದ “ರದ್ದು” ಬಿದ್ದುಬಿಡುತ್ತದೆ. ಮಗ ನಗುತ್ತಾನೆ. ಫೋನ್ ಒತ್ತುವುದರ ಮೇಲೂ ಸಂಶೋಧನೆ ನಡೆಯುತ್ತದೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ಅದರಿಂದ ನಮಗೇನು ಬಂತು?’

ಸಂಪಾದಕರ ಉತ್ತರ:

ಮೊದಲು ಇದನ್ನು ಮಗನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ಕ್ರಿಶ್ಚಿಯನ್ ಹೋಲ್ಜ್ ಮತ್ತು ಪ್ಯಾಟ್ರಿಕ್ ಬೌಡಿಶ್ ಎಂಬ ಸಂಶೋಧಕರು ಕೆದಕಿದ್ದು ನಿಮ್ಮದೇ ಪ್ರಶ್ನೆಯನ್ನು. ಬೆರಳು ದಪ್ಪ, ಅದಕ್ಕೇ ಗುರಿ ತಪ್ಪುತ್ತದೆ ಎಂಬುದು ರೂಢಿಯ ಮಾತು. 2011ರಲ್ಲಿ ಅವರು ಬೇರೆಯದನ್ನೇ ತೋರಿಸಿದರು. ಒತ್ತುವಾಗ ನಮಗೆ ಕಾಣುವುದು ಬೆರಳಿನ ಮೇಲ್ಭಾಗ. ಉಗುರಿನ ಅಂಚನ್ನೋ ನಡುವನ್ನೋ ನೋಡಿಕೊಂಡು ಗುರಿಯಿಡುತ್ತೇವೆ. ಪರದೆಯಾದರೋ ತನಗೆ ತಗಲಿದ ಅಡಿಭಾಗದ ನಡುವನ್ನು ಎಣಿಸುತ್ತದೆ. ನೀವು ಒಂದು ಕಡೆ ಒತ್ತಿದ್ದೀರಿ, ಅದು ಇನ್ನೊಂದು ಕಡೆ ಎಂದುಕೊಂಡಿದೆ. ಬೆರಳು ಓರೆಯಾದಂತೆ ಈ ಅಂತರವೂ ಬದಲಾಗುತ್ತದೆ. ಒಮ್ಮೆ ನಿಧಾನವಾಗಿ ಒತ್ತುತ್ತ ನಿಮ್ಮ ಉಗುರನ್ನೇ ಗಮನಿಸಿ, ಗೊತ್ತಾಗುತ್ತದೆ.

ನಿಮ್ಮ ಕಸುಬಿಗೆ ಇನ್ನೊಂದು ತೊಡಕಿದೆ: ನೀರು. ಈಗಿನ ಪರದೆ ಒತ್ತಡ ಅಳೆಯುವುದಿಲ್ಲ, ಬೆರಳು ತಗಲಿದಾಗ ಅದರ ಮೇಲಿನ ವಿದ್ಯುತ್ ಕ್ಷೇತ್ರದಲ್ಲಾಗುವ ವ್ಯತ್ಯಾಸವನ್ನು ಹಿಡಿಯುತ್ತದೆ. ನೀರಿನ ಹನಿಯೂ ಆ ಕ್ಷೇತ್ರವನ್ನು ಕದಡುತ್ತದೆ. ಆದ್ದರಿಂದ ಗಟ್ಟಿಯಾಗಿ ಅದುಮಿ ಪ್ರಯೋಜನವಿಲ್ಲ. ಕೈಯನ್ನೂ ಪರದೆಯನ್ನೂ ಒರೆಸಿಕೊಳ್ಳುವುದೇ ದಾರಿ.

ಗುಂಡಿ ಎಷ್ಟು ದೊಡ್ಡದಿರಬೇಕು ಎಂಬುದಕ್ಕೂ ಲೆಕ್ಕವಿದೆ. ಒಂದೇ ಕೈಯಲ್ಲಿ ಫೋನ್ ಹಿಡಿದು ಹೆಬ್ಬೆರಳಿನಿಂದ ಒತ್ತುವವರಿಗೆ ಸುಮಾರು 9.2 ಮಿಲಿಮೀಟರ್ ಬೇಕೆಂದು ಪಾರ್ಹಿ, ಕಾರ್ಲ್‌ಸನ್, ಬೆಡರ್‌ಸನ್ ಎಂಬ ಮೂವರು 2006ರಲ್ಲೇ ಹೇಳಿದ್ದಾರೆ. ಊರಿನವರನ್ನೆಲ್ಲ ಬೈಯುವ ಮೊದಲು ನಮ್ಮದೇ ಪತ್ರಿಕೆಯ ಚಂದಾ ಪುಟವನ್ನು ಫೋನಿನಲ್ಲಿ ತೆರೆದು ಸ್ಕೇಲ್ ಇಟ್ಟೆ. ‘ಮುಂದುವರಿಸಿ’ ಎಂಬ ಗುಂಡಿ 5 ಮಿಲಿಮೀಟರ್ ಎತ್ತರವಿತ್ತು, ಅದಕ್ಕೆ ಅಂಟಿಕೊಂಡೇ ‘ಅಳಿಸಿ’. ಪುಟ ಮಾಡಿದ ಹುಡುಗನನ್ನು ಕರೆದು ತೋರಿಸಿದರೆ, ‘ಕಂಪ್ಯೂಟರಿನಲ್ಲಿ ದೊಡ್ಡದಾಗಿಯೇ ಕಾಣುತ್ತದೆ ಸಾರ್’ ಎಂದ. ಅವನ ಫೋನನ್ನೇ ಅವನ ಕೈಗಿಟ್ಟು, ಹೆಬ್ಬೆರಳನ್ನು ನೀರಿನ ಲೋಟದಲ್ಲಿ ಅದ್ದಿಸಿ ಚಂದಾ ಕಟ್ಟಲು ಹೇಳಿದೆ. ಮೂರು ಸಲ ‘ಅಳಿಸಿ’ ಒತ್ತಿದ.

ಈ ವಾರ ಅದನ್ನು ಸರಿಪಡಿಸುತ್ತಾನೆ. ಅಲ್ಲಿಯವರೆಗೆ ನಿಮ್ಮ ಚಂದಾ ನವೀಕರಣಕ್ಕೆ ಒಂದು ಕಾರ್ಡ್ ಬರೆದು ಹಾಕಿದರೂ ಸಾಕು.