ಮೊದಲು ಸ್ಟೂಲು, ಆಮೇಲೆ ಮನಸ್ಸು

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದ ಒಬ್ಬ ಅಕ್ಕನ ಪ್ರಕರಣ ಇದು, ಬರೆಯಲು ಅವರ ಒಪ್ಪಿಗೆ ಇದೆ. ಹೆಸರು, ಮನೆಯ ವಿವರ ಬದಲಿಸಿದ್ದೇನೆ. ಹುಲಿಗೆಮ್ಮ ಅಂತ ಕರೆಯೋಣ. ವಯಸ್ಸು 38. ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಸಣ್ಣ ಜೀನ್ಸ್ ಯೂನಿಟ್‌ನಲ್ಲಿ 11 ವರ್ಷದಿಂದ ಹೊಲಿಯುತ್ತಿದ್ದಾರೆ. ಪೀಸ್ ಲೆಕ್ಕದ ಕೂಲಿ.

ಅವರನ್ನು ಕರೆತಂದವರು ತಂಗಿ. "ಅಕ್ಕ ಮೊದಲಿನಂಗಿಲ್ಲ ಮೇಡಂ, ಮಾತೆತ್ತಿದ್ರ ಸಿಟ್ಟು ಮಾಡ್ತಾಳ" ಅಂದರು. ರಾತ್ರಿ ನಿದ್ದೆ ಇಲ್ಲ. ಕುತ್ತಿಗೆ, ಭುಜ, ಸೊಂಟ ಎಲ್ಲಾ ನೋವು. ಹಿಂದಿನ ವಾರ ಚಹಾ ಲೋಟ ಕೈಯಿಂದ ಜಾರಿ ಬಿದ್ದಿತ್ತು. ಅದನ್ನು ನೋಡಿ ಮಗ ನಕ್ಕ. ಅವನ ಕೆನ್ನೆಗೆ ಹೊಡೆದುಬಿಟ್ಟಿದ್ದರು. ಇದನ್ನು ಹೇಳುವಾಗ ಹುಲಿಗೆಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು.

"ಹೊಡದ ಮ್ಯಾಲೆ ನಾನೇ ಅತ್ತುಬಿಟ್ಟೆ. ನಂಗ ಹುಚ್ಚು ಹಿಡಿಯಾಕತ್ತೈತೇನ್ರಿ ಮೇಡಂ?"

ಮನೆಯಲ್ಲಿ ಅತ್ತೆ ಹೇಳುತ್ತಿದ್ದದ್ದು ಒಂದೇ ಮಾತು. ಕೂತು ಮಾಡೋ ಕೆಲಸಕ್ಕೆ ಎಂಥ ನೋವು, ಎಲ್ಲಾ ನೆಪ. ಗಂಡ ಏನೂ ಅನ್ನುತ್ತಿರಲಿಲ್ಲ. ಆದರೆ ಮೆಡಿಕಲ್ ಶಾಪಿನಿಂದ ದಿನಾ ನೋವಿನ ಮಾತ್ರೆ ತಂದುಕೊಡುತ್ತಿದ್ದರು. ಹೀಗೆ ಎಂಟು ತಿಂಗಳು.

ಮೊದಲ ಎರಡು ಭೇಟಿಯಲ್ಲಿ ನಾನು ಮಾಡಿದ್ದು ತಪ್ಪು. ಮನೆಯ ಬಗ್ಗೆ ಕೇಳಿದೆ, ಅತ್ತೆಯ ಬಗ್ಗೆ ಕೇಳಿದೆ, ಸಾಲದ ಬಗ್ಗೆ ಕೇಳಿದೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಕೆಲಸ ಏನು ಅಂತಲೂ ಕೇಳಿದ್ದೆ, ನಿಜ. ಆದರೆ ಪುಸ್ತಕದಲ್ಲಿ 'ಟೇಲರ್' ಅಂತ ಬರೆದುಕೊಂಡು ಮುಂದೆ ಹೋಗಿದ್ದೆ. ಇಟಲಿಯ ವೈದ್ಯ ರಾಮಜ್ಜಿನಿ 1700ರಲ್ಲೇ ಹೇಳಿದ್ದರು: ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆ 'ನೀನು ಯಾವ ಕೆಲಸ ಮಾಡ್ತೀಯ' ಅನ್ನುವುದನ್ನೂ ಸೇರಿಸಿಕೊಳ್ಳಿ ಅಂತ. ಆ ಪ್ರಶ್ನೆಯನ್ನು ಬಾಯಿಮಾತಿಗೆ ಕೇಳಿದರೆ ಸಾಲದು ಅಂತ ನನಗೆ ಹೊಳೆದದ್ದು ಮೂರನೇ ಭೇಟಿಯಲ್ಲಿ.

"ನೀವು ಮಷಿನ್ ಮುಂದೆ ಹೆಂಗೆ ಕೂಡ್ತೀರಿ, ಸುಮ್ನೆ ಒಂದು ಸಲ ತೋರಿಸಿ" ಅಂದೆ. ಅವರು ಕುರ್ಚಿಯ ತುದಿಗೆ ಸರಿದರು. ಬೆನ್ನು ಬಿಲ್ಲಿನಂತೆ ಬಾಗಿತು. ಎರಡೂ ಭುಜ ಕಿವಿಯ ಹತ್ತಿರ ಏರಿದವು. ಬಲಗಾಲು ಮುಂದಕ್ಕೆ ಚಾಚಿ, ಹೆಬ್ಬೆರಳ ತುದಿಯಿಂದ ಇಲ್ಲದ ಪೆಡಲ್ ಒತ್ತಿದರು. ಎಡಗಡೆ ಸೊಂಟ ತಿರುಗಿಸಿ, ನೆಲದಿಂದ ಬಂಡಲ್ ಎತ್ತಿಕೊಂಡಂತೆ ಮಾಡಿದರು. ಒಂದು ನಿಮಿಷ ಹಾಗೇ ಕೂತಿರಿ ಅಂದೆ. ನಾನೂ ಅವರ ಹಾಗೆ ಕೂತು ನೋಡಿದೆ. ನಿಮಿಷ ತುಂಬುವ ಮೊದಲೇ ನನ್ನ ಕುತ್ತಿಗೆ ಹಿಡಿಯಿತು. ಅವರು ಹಾಗೆ ಕೂರುವುದು ದಿನಕ್ಕೆ ಹತ್ತು ತಾಸು.

ಮರುವಾರ ಯೂನಿಟ್‌ಗೆ ಹೋದೆ. ಗೆಳತಿಯೊಬ್ಬಳು ಫಿಸಿಯೋಥೆರಪಿಸ್ಟ್, ಅವಳನ್ನೂ ಕರೆದುಕೊಂಡು ಹೋದೆ. ತಗಡಿನ ಶೆಡ್ಡು, ಹನ್ನೆರಡು ಮಷಿನ್. ಹುಲಿಗೆಮ್ಮನ ಮಷಿನ್‌ನಲ್ಲಿ ಮೊದಲು ಹೊಲಿಯುತ್ತಿದ್ದವರು ಎತ್ತರದ ಗಂಡಸು. ಟೇಬಲ್ ಅವರ ಅಳತೆಗೆ ಇತ್ತು. ಹುಲಿಗೆಮ್ಮ ಗಿಡ್ಡ. ಕೂರಲು ಪ್ಲಾಸ್ಟಿಕ್ ಸ್ಟೂಲು, ಮೇಲೆ ಕತ್ತರಿಸಿ ಉಳಿದ ಜೀನ್ಸ್ ಬಟ್ಟೆಯ ಮಡಿಕೆ. ಸ್ಟೂಲು ತಗ್ಗು, ಟೇಬಲ್ ಎತ್ತರ, ಹಾಗಾಗಿ ಕೈ ಮೇಲೆತ್ತಲೇಬೇಕು. ಪೆಡಲ್ ದೂರ, ಹಾಗಾಗಿ ಸ್ಟೂಲಿನ ತುದಿಗೆ ಬರಲೇಬೇಕು. ಟ್ಯೂಬ್‌ಲೈಟ್ ಬೆನ್ನ ಹಿಂದೆ. ಅವರ ತಲೆಯ ನೆರಳು ಸರಿಯಾಗಿ ಸೂಜಿಯ ಮೇಲೆ ಬೀಳುತ್ತಿತ್ತು. ಕಡುನೀಲಿ ಬಟ್ಟೆ, ಕಡುನೀಲಿ ದಾರ. ಕಾಣದಿದ್ದರೆ ಬಗ್ಗುವುದೊಂದೇ ದಾರಿ. ಮನುಷ್ಯನ ತಲೆಯೇ ನಾಲ್ಕೈದು ಕಿಲೋ ತೂಗುತ್ತದೆ. ಬಗ್ಗಿದಷ್ಟೂ ಅದನ್ನು ಹಿಡಿದಿಡಲು ಕುತ್ತಿಗೆಯ ಸ್ನಾಯು ಜಾಸ್ತಿ ದುಡಿಯಬೇಕು.

ಟೇಬಲ್‌ನ ಕಾಲಿನಲ್ಲಿ ಎತ್ತರ ತಗ್ಗಿಸುವ ಬೋಲ್ಟು ಇದ್ದೇ ಇತ್ತು. ಅದರ ನಟ್ಟಿನ ಮೇಲೆ ಎಣ್ಣೆ ಮತ್ತು ನೀಲಿ ನೂಲಿನ ಧೂಳು ಸೇರಿ ಗಟ್ಟಿ ಮೇಣದಂತೆ ಕೂತಿತ್ತು. ನಾನು ಉಗುರಿನಿಂದ ಕೆರೆದು ನೋಡಿದೆ. ಅದನ್ನು ಯಾರೂ ಬಿಚ್ಚಿಯೇ ಇರಲಿಲ್ಲ. 11 ವರ್ಷ ಈ ಹೆಣ್ಣುಮಗಳು ತನ್ನ ಮೈಯನ್ನೇ ಟೇಬಲ್ಲಿಗೆ ಹೊಂದಿಸಿಕೊಂಡಿದ್ದಳು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮಾಲೀಕರ ಜೊತೆ ಹೇಗೆ ಮಾತಾಡಬೇಕು ಅನ್ನುವುದನ್ನು ನಾನೂ ಹುಲಿಗೆಮ್ಮನೂ ಮೊದಲೇ ಕೂತು ತಯಾರಿ ಮಾಡಿದ್ದೆವು. ನನ್ನ ಸಲಹೆ ಇಷ್ಟು: ನೋವಿನ ದೂರು ಹೇಳಬೇಡಿ, ಏನು ಬೇಕು ಅಂತ ಹೇಳಿ. ಒಬ್ಬರೇ ಹೋಗಬೇಡಿ, ಪಕ್ಕದ ಮಷಿನ್‌ನವರನ್ನೂ ಕರೆದುಕೊಳ್ಳಿ. ಹಾಗೇ ಮಾಡಿದರು. "ಒಬ್ಬರಿಗೆ ಮಾಡಿದ್ರೆ ಎಲ್ಲಾರೂ ಕೇಳ್ತಾರವ್ವ" ಅಂದರು ಮಾಲೀಕರು. ಅವರೂ ಮೊದಲು ಟೇಲರ್ ಆಗಿದ್ದವರು. ನಾನು ಅವರ ಸೊಂಟ ಹೇಗಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ಪ್ಯಾನರ್ ತರಲು ಹುಡುಗನನ್ನು ಕಳಿಸಿದರು.

ಮಾಡಿದ ಬದಲಾವಣೆಗಳಿಗೆ ದೊಡ್ಡ ಖರ್ಚಿಲ್ಲ. ಟೇಬಲ್ ಇಳಿಸಿ, ಕೈ ಇಟ್ಟರೆ ಭುಜ ಏರದಂತೆ, ಮೊಣಕೈ ಮಟ್ಟಕ್ಕೆ ತಂದೆವು. ಹಿಂದಿನ ಎರಡು ಕಾಲಿನ ಕೆಳಗೆ ಮರದ ತುಂಡು ಇಟ್ಟು, ಟೇಬಲ್ ಹೊಲಿಯುವವರ ಕಡೆ ಸ್ವಲ್ಪ ವಾಲುವಂತೆ ಮಾಡಿದೆವು. ಇದರಿಂದ ಕುತ್ತಿಗೆ ಅಷ್ಟು ಬಗ್ಗಿಸದೆ ಸೂಜಿ ಕಾಣುತ್ತದೆ. ಪೆಡಲ್ ಹತ್ತಿರಕ್ಕೆ ಎಳೆದು, ಅದನ್ನು ಮೋಟರ್‌ಗೆ ಸೇರಿಸುವ ಸರಳಿನ ಉದ್ದ ಹೊಂದಿಸಿದರು. ಈಗ ಎರಡೂ ಪಾದ ಪೆಡಲ್ ಮೇಲೆ ಪೂರ್ತಿ ಕೂರುತ್ತವೆ. ಸ್ಟೂಲಿನ ಬದಲು ಬೆನ್ನಿಗೆ ಆಸರೆ ಇರುವ ಹಳೆಯ ಕಬ್ಬಿಣದ ಕುರ್ಚಿ ಬಂತು. ಮಷಿನ್‌ಗೆ ಅಂಟಿಸುವ ಸಣ್ಣ ಮ್ಯಾಗ್ನೆಟ್ ಎಲ್‌ಇಡಿ ಲೈಟ್ ಹುಲಿಗೆಮ್ಮನ ಗಂಡ ತಂದುಕೊಟ್ಟರು. ಬಂಡಲ್ ಇಡುವ ಜಾಗಕ್ಕೆ ಅದೇ ಹಳೆಯ ಸ್ಟೂಲನ್ನು ಎಡಗಡೆ ಇಟ್ಟೆವು. ಬಗ್ಗಿ ಸೊಂಟ ತಿರುಗಿಸುವುದು ತಪ್ಪಿತು.

ಒಂದು ಬಂಡಲ್ ಮುಗಿದಾಗೆಲ್ಲ ಎದ್ದು ನಿಂತು, ಕೈ ಜಾಡಿಸಿ, ಭುಜ ಹಿಂದಕ್ಕೆ ತಿರುಗಿಸಿ ಕೂರಬೇಕು ಅಂತಲೂ ಹೇಳಿದೆ. ಪೀಸ್ ಕಡಿಮೆ ಆಗುತ್ತೆ ಅನ್ನುವ ಹೆದರಿಕೆ ಅವರಿಗಿತ್ತು. ಅರ್ಧ ನಿಮಿಷ ಅಷ್ಟೇ, ಒಂದು ವಾರ ಮಾಡಿ ಪೀಸ್ ಎಣಿಸಿ ಅಂದೆ. ಎಣಿಸಿದರು. ಕಡಿಮೆ ಆಗಿರಲಿಲ್ಲ.

ಕೈಜಾರಿದ ಲೋಟಕ್ಕೆ ಬರುತ್ತೇನೆ. ಅದನ್ನು ನಾನು ಮೊದಲ ದಿನವೇ ಹಿಡಿಯಬೇಕಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು, ಕೈ ಜಾಡಿಸಿದರೆ ಹಗುರಾಗುವುದು, ಹಿಡಿದ ವಸ್ತು ಜಾರುವುದು, ಇವು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಲಕ್ಷಣ. ಇದಕ್ಕೆ ಆಪ್ತಸಲಹೆ ಸಾಲದು. ಮೂಳೆ ವೈದ್ಯರ ಹತ್ತಿರ ಕಳಿಸಿದೆ. ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಮಲಗಲು ಹೇಳಿದ್ದಾರೆ. ಕೇಳದೆ ನುಂಗುತ್ತಿದ್ದ ಮಾತ್ರೆ ನಿಲ್ಲಿಸಿದ್ದಾರೆ. ನೋವಿನ ಮಾತ್ರೆ ತಿಂಗಳುಗಟ್ಟಲೆ ತಿಂದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಕೆಟ್ಟದ್ದು. ಇದನ್ನು ಓದುತ್ತಿರುವ ಟೇಲರ್ ಅಕ್ಕ-ಅಣ್ಣಂದಿರಲ್ಲಿ ಯಾರಿಗಾದರೂ ಸೊಂಟ ನೋವಿನ ಜೊತೆ ಕಾಲಿನ ಬಲ ಕಡಿಮೆ ಆದರೆ, ಮೂತ್ರದ ಹಿಡಿತ ತಪ್ಪಿದರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ಕಾಯಬೇಡಿ.

ಮನಸ್ಸಿನ ಮಾತು ಇದೆಲ್ಲ ಆದಮೇಲೆ ಸಲೀಸಾಯಿತು. ಅತ್ತೆಯನ್ನೂ ಒಮ್ಮೆ ಕರೆಸಿದೆ. ಸೊಸೆ ಕೂರುವ ರೀತಿಯಲ್ಲಿ ಎರಡು ನಿಮಿಷ ಕೂರಿ ಅಂತ ಕೇಳಿಕೊಂಡೆ. ಆ ಹಿರಿಯರು ಕೂತರು. ಆಮೇಲೆ ನೆಪ ಅನ್ನುವ ಮಾತು ಮನೆಯಲ್ಲಿ ಬಂದಿಲ್ಲವಂತೆ. ಮಗನಿಗೆ ಏನು ಹೇಳಲಿ ಅಂತ ಹುಲಿಗೆಮ್ಮ ಕೇಳಿದರು. ಇದ್ದದ್ದನ್ನೇ ಹೇಳಿ ಅಂದೆ: ಕೈ ನೋಯುತ್ತಿತ್ತು, ನಿನ್ನ ತಪ್ಪಲ್ಲ, ಹೊಡೆದದ್ದು ನನ್ನ ತಪ್ಪು. ನೋವಿಗೆ ಕಾರಣ ಸಿಕ್ಕಿತು ಅಂತ ಹೊಡೆದದ್ದು ಸರಿಯಾಗುವುದಿಲ್ಲ, ಅಲ್ವಾ? ಅದನ್ನೂ ಅವರು ಒಪ್ಪಿಕೊಂಡರು.

ಈಗ ಎರಡು ತಿಂಗಳಾಗಿದೆ. ನಿದ್ದೆ ಬರುತ್ತಿದೆ. ಸೊಂಟ ವಾಸಿ. ಬೆರಳಿನ ಜೋಮು ಪೂರ್ತಿ ಹೋಗಿಲ್ಲ. ಇನ್ನೊಂದು ವಿಷಯವೂ ಬಾಕಿ ಇದೆ. ಶೌಚಾಲಯ ದೂರ ಅಂತ ಅಲ್ಲಿಯ ಹೆಣ್ಣುಮಕ್ಕಳು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಬಳ್ಳಾರಿಯ ಬೇಸಿಗೆಯಲ್ಲಿ, ತಗಡಿನ ಕೆಳಗೆ! ಮಾಲೀಕರು ನೋಡೋಣ ಅಂದಿದ್ದಾರೆ. ಯುಗಾದಿಯ ಮಾರನೇ ವಾರ ಮತ್ತೆ ಹೋಗುತ್ತಿದ್ದೇನೆ. ಈ ಸಲ ಹುಲಿಗೆಮ್ಮನ ಜೊತೆ ಇನ್ನೂ ನಾಲ್ವರು ಮಾತಾಡಲು ಬರುತ್ತಾರಂತೆ.