ತರಬೇತಿಯ ದಿನ ಬಾರದ ನಿದ್ರೆ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ತಾಯಿ ಮತ್ತು ಮಗನ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹುಡುಗನಿಗೆ 17 ವರ್ಷ, ರಾಜಾಜಿನಗರದ ಕಡೆಯವನು, ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿ. ಓದಿನಲ್ಲಿ ಮನಸ್ಸು ನಿಲ್ಲುವುದಿಲ್ಲವೆಂದು ಮನೆಯವರು ಅವನನ್ನು ಖಾಸಗಿ ಕೇಂದ್ರವೊಂದರ ನ್ಯೂರೋಫೀಡ್‌ಬ್ಯಾಕ್ (ತನ್ನ ಮಿದುಳಿನ ಅಲೆಗಳನ್ನು ತಾನೇ ಬದಲಿಸಲು ಕಲಿಸುವ) ತರಬೇತಿಗೆ ಸೇರಿಸಿ, 40 ಸೆಷನ್‌ಗಳ ಹಣವನ್ನು ಮೊದಲೇ ಕಟ್ಟಿದ್ದರು. ನನ್ನಲ್ಲಿಗೆ ಬಂದಾಗ 11 ಸೆಷನ್ ಮುಗಿದಿದ್ದವು.

"ಮೊದಲು ಓದಲ್ಲ ಅಂತ ಚಿಂತೆಯಿತ್ತು ಮೇಡಂ, ಈಗ ಮಲಗೋದೇ ಇಲ್ಲ, ತಂಗಿ ಮೇಲೆ ಸುಮ್ಮಸುಮ್ಮನೆ ರೇಗ್ತಾನೆ. ಸೆಂಟರ್‌ನವರನ್ನ ಕೇಳಿದ್ರೆ ಮಿದುಳು ಬದಲಾಗ್ತಿದೆ, ಒಳ್ಳೇ ಲಕ್ಷಣ, ನಿಲ್ಲಿಸಬೇಡಿ ಅಂತಾರೆ" ಎಂದರು ತಾಯಿ. ಹುಡುಗನೊಂದಿಗೆ ಬೇರೆಯಾಗಿ ಮಾತಾಡಿದಾಗ, ಸೆಷನ್ ಇದ್ದ ಸಂಜೆ ತಲೆಗೆ ಬಿಗಿಯಾದ ಪಟ್ಟಿ ಕಟ್ಟಿದಂತಾಗುತ್ತದೆ, ರಾತ್ರಿ ಎರಡು ಗಂಟೆಯಾದರೂ ಕಣ್ಣು ಮುಚ್ಚುವುದಿಲ್ಲ ಎಂದ. ಮನೆಯಲ್ಲಿ ಏಕೆ ಹೇಳಲಿಲ್ಲವೆಂದು ಕೇಳಿದೆ. ಅಪ್ಪ ಅಷ್ಟು ದುಡ್ಡು ಕಟ್ಟಿದ್ದಾರಲ್ಲ ಎಂದು ತಲೆತಗ್ಗಿಸಿದ.

ಈ ತರಬೇತಿಯಲ್ಲಿ ನೆತ್ತಿಯ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುತ್ತಾರೆ. ಬೇಕಾದ ಅಲೆ ಹೆಚ್ಚಿದಾಗ ಪರದೆಯ ಮೇಲಿನ ಆಟ ಅಥವಾ ಚಿತ್ರ ಮುಂದೆ ಸಾಗುತ್ತದೆ, ಇಲ್ಲವಾದರೆ ನಿಲ್ಲುತ್ತದೆ. ಏಕಾಗ್ರತೆಗಾಗಿ ಸಾಮಾನ್ಯವಾಗಿ 4ರಿಂದ 8 ಹರ್ಟ್ಜ್‌ನ (ಸೆಕೆಂಡಿಗೆ ಅಷ್ಟು ಸಲ ಏರಿಳಿಯುವ) ಥೀಟಾ ಅಲೆಯನ್ನು ತಗ್ಗಿಸಿ, ಅದಕ್ಕಿಂತ ವೇಗದ ಬೀಟಾ ಅಲೆಯನ್ನು ಹೆಚ್ಚಿಸುವ ಅಭ್ಯಾಸ ಮಾಡಿಸುತ್ತಾರೆ. ಮಿದುಳಿಗೆ ಹೊರಗಿನಿಂದ ವಿದ್ಯುತ್ ಹರಿಸುವುದಿಲ್ಲವಾದ್ದರಿಂದ ಇದರಿಂದ ಏನೂ ಆಗದು ಎಂದು ತಂದೆತಾಯಿ ನಂಬಿದ್ದರು. ಆದರೆ ಎಚ್ಚರದ ಮಟ್ಟವನ್ನೇ ಮೇಲೆ ಕೆಳಗೆ ಮಾಡಲು ಹೊರಟ ಅಭ್ಯಾಸ ಅತಿಯಾದರೆ ಅಥವಾ ವ್ಯಕ್ತಿಗೆ ಹೊಂದದಿದ್ದರೆ ತಲೆನೋವು, ದಣಿವು, ಸಿಡುಕು, ಚಡಪಡಿಕೆ, ನಿದ್ರಾಭಂಗ ಕಾಣಿಸಿಕೊಳ್ಳಬಹುದು. ಬೇರೆ ಬಗೆಯ ತರಬೇತಿಯಲ್ಲಿ ಮಂಕು, ತೂಕಡಿಕೆಯೂ ಬರಬಹುದು. ಇವು ಬಹುಮಟ್ಟಿಗೆ ತಾತ್ಕಾಲಿಕ. ಹಾಗೆಂದು ಇವನ್ನೇ ಪ್ರಗತಿಯ ಗುರುತೆಂದು ಹೇಳಿ ಮುಂದುವರಿಸುವುದನ್ನು ನಾನು ಒಪ್ಪಲಾರೆ.

ಪರೀಕ್ಷೆಯ ವರ್ಷದಲ್ಲಿ ನಿದ್ರೆಗೆಡಲು ಬೇರೆ ಕಾರಣಗಳೂ ಇರುತ್ತವೆ. ಆದ್ದರಿಂದ ನಿದ್ರೆ, ತಲೆನೋವು, ಸಂಜೆಯ ಕಾಫಿ, ಮೊಬೈಲ್, ಸೆಷನ್ನಿನ ವೇಳೆ ಎಲ್ಲವನ್ನೂ ಎರಡು ವಾರ ಬರೆದಿಡಲು ಹೇಳಿದೆ. ಮೊದಲ ವಾರ ಸೆಷನ್ ಎಂದಿನಂತೆ, ಎರಡನೆಯ ವಾರ ಸಂಪೂರ್ಣ ಬಿಡುವು. ಮೊದಲ ವಾರದ ಕೆಟ್ಟ ರಾತ್ರಿಗಳೆಲ್ಲ ಮಂಗಳವಾರ, ಶುಕ್ರವಾರಗಳಂದೇ ಇದ್ದವು. ಅವೇ ಸೆಷನ್ನಿನ ದಿನಗಳು.

ಬಾಲ್ಯದ ಆರೋಗ್ಯದ ಬಗ್ಗೆ ವಿಚಾರಿಸುವಾಗ, ಮೂರು ವರ್ಷದವನಿದ್ದಾಗ ಜ್ವರ ಏರಿ ಎರಡು ಸಲ ಫಿಟ್ಸ್ ಬಂದಿತ್ತೆಂದು ತಾಯಿ ನೆನಪಿಸಿಕೊಂಡರು. ಕೇಂದ್ರದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಜ್ವರದ ಫಿಟ್ಸ್ ಹೆಚ್ಚಿನ ಮಕ್ಕಳಲ್ಲಿ ದೊಡ್ಡವರಾಗುತ್ತ ಮಾಯವಾಗುತ್ತದೆ, ನಿಜ. ಆದರೂ ಅಪಸ್ಮಾರದ (ಮೂರ್ಛೆರೋಗದ) ರೋಗಿಯೊಬ್ಬರಿಗೆ ಫಿಟ್ಸ್ ತಗ್ಗಿಸಲೆಂದು ಇಂಥ ತರಬೇತಿ ಕೊಟ್ಟ ವರದಿಯನ್ನು ಸಂಶೋಧಕರಾದ ಸ್ಟರ್ಮನ್ ಮತ್ತು ಫ್ರಯರ್ 1972ರಷ್ಟು ಹಿಂದೆಯೇ ಪ್ರಕಟಿಸಿದ್ದಾರೆ. ಫಿಟ್ಸ್‌ಗೂ ಈ ಪದ್ಧತಿಗೂ ಅಷ್ಟು ಹಳೆಯ ನಂಟಿರುವಾಗ ಆ ಒಂದು ಪ್ರಶ್ನೆಯನ್ನೇ ಬಿಟ್ಟದ್ದು ನನ್ನನ್ನು ಬಹಳ ನೋಯಿಸಿತು.

ನಾನು ಕೊಟ್ಟ ಸಲಹೆ ಇದು. ಕಟ್ಟಿದ ಹಣಕ್ಕಾಗಿ ತರಬೇತಿಯನ್ನು ಎಳೆಯುವುದು ಬೇಡ, ಸದ್ಯಕ್ಕೆ ನಿಲ್ಲಿಸಿ. ಯಾವ ಜಾಗದಲ್ಲಿ ಎಲೆಕ್ಟ್ರೋಡ್ ಇಟ್ಟರು, ಯಾವ ಅಲೆಯನ್ನು ಹೆಚ್ಚಿಸಿದರು, ನಿರ್ಧರಿಸಿದವರ ಅರ್ಹತೆಯೇನು, ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟರೇ ಎಂಬುದನ್ನು ಕೇಂದ್ರದಿಂದ ಬರಹದಲ್ಲಿ ಪಡೆಯಿರಿ. ಏಕಾಗ್ರತೆಯ ತೊಂದರೆ ನಿಜವಾಗಿ ಎಡಿಎಚ್‌ಡಿಯೇ (ಗಮನದ ಕೊರತೆ, ಅತಿಚಟುವಟಿಕೆಯ ಸಮಸ್ಯೆಯೇ) ಎಂಬ ತಪಾಸಣೆಯೇ ಆಗಿಲ್ಲ. ಅದಕ್ಕೂ ನರರೋಗ ತಜ್ಞರ ಅಭಿಪ್ರಾಯಕ್ಕೂ ನಿಮ್ಹಾನ್ಸ್‌ಗೆ ಹೋಗಿ. ಎಚ್ಚರ ತಪ್ಪಿದರೆ, ಕೈಕಾಲು ಅದುರಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮನಸ್ಸು ತೀರಾ ಕುಗ್ಗಿದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ.

ಅರ್ಧಕ್ಕೆ ಬಿಟ್ಟರೆ ಲಾಭ ಕೈತಪ್ಪುವುದೇ ಎಂದು ತಂದೆ ಫೋನಿನಲ್ಲಿ ಕೇಳಿದರು. ಎಡಿಎಚ್‌ಡಿ ಇರುವ 7ರಿಂದ 10 ವರ್ಷದ 144 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದಲ್ಲಿ 38 ಸೆಷನ್‌ಗಳ ಕೊನೆಗೆ ನಿಜವಾದ ತರಬೇತಿ ಪಡೆದವರೂ ಹೋಲಿಕೆಗಾಗಿ ಹಾಗೆಯೇ ಕಾಣುವ ಹುಸಿ ತರಬೇತಿ ಪಡೆದವರೂ ಸುಧಾರಿಸಿದ್ದರು, ಇಬ್ಬರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ ಎಂದು ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ನಿಲ್ಲಿಸೋಣ ಎಂದರು.

ಮೂರು ವಾರದ ಬಳಿಕ ಮತ್ತೆ ಬಂದಾಗ ತಲೆನೋವು ಇರಲಿಲ್ಲ, ನಿದ್ರೆ ಹಿಂದಿನಂತಾಗಿತ್ತು. ಏಕಾಗ್ರತೆಯ ತೊಂದರೆ ಮಾತ್ರ ಮೊದಲಿದ್ದಷ್ಟೇ ಇದೆ. ತಪಾಸಣೆ ಮುಂದಿನ ತಿಂಗಳಿದೆ. ಅಲ್ಲಿಯವರೆಗೆ ಅವನೊಂದಿಗೆ ವಾರಕ್ಕೊಮ್ಮೆ ಕೂರುತ್ತಿದ್ದೇನೆ.